ಲಿವರ್ ಸರಿಸುವ ಬ್ಲೇಡೋ, ಕಳಚಿ ಬದಲಿಸುವ ಬ್ಲೇಡೋ: ನಾಯಿಯ ಕ್ಲಿಪ್ಪರ್‌ಗಳ ಹೋಲಿಕೆ

ವಾರಕ್ಕೆ ಮೂರು ನಾಲ್ಕು ನಾಯಿಗಳ ಕೂದಲನ್ನು ಕತ್ತರಿಸಿ ಒಪ್ಪ ಮಾಡಿಕೊಡುವ ನಾನು ಈವರೆಗೆ ಎರಡು ಬಗೆಯ ಕ್ಲಿಪ್ಪರ್‌ಗಳನ್ನು ಕೊಂಡಿದ್ದೇನೆ. ಮೊದಲನೆಯದು ಪಕ್ಕದ ಸಣ್ಣ ಲಿವರನ್ನು ಸರಿಸಿ ಒಂದೇ ಬ್ಲೇಡಿನಿಂದ ಐದು ಅಳತೆಗಳನ್ನು ಪಡೆಯುವ, ಚಾರ್ಜ್ ಮಾಡಿ ಬಳಸುವ ಹಗುರವಾದ ಯಂತ್ರ. ಎರಡನೆಯದು ಅಳತೆಗೊಂದರಂತೆ ಬ್ಲೇಡನ್ನೇ ಕಳಚಿ ಬೇರೆಯದನ್ನು ಕೂಡಿಸುವ, ಈ ಕೆಲಸದವರು ಎ5 ಎಂದು ಕರೆಯುವ ಬಗೆಯದು. ಎರಡನೆಯದನ್ನೇ ಮೊದಲು ಕೊಂಡಿದ್ದರೆ ನನ್ನ ಹಣವೂ ಉಳಿಯುತ್ತಿತ್ತು, ಶಿಟ್ಜು ಎಂಬ ಉದ್ದ ಕೂದಲಿನ ಸಣ್ಣ ತಳಿಯ ನಾಯಿಯೊಂದರ ಬೆನ್ನಿನ ಕೂದಲೂ ಉಳಿಯುತ್ತಿತ್ತು.

ಲಿವರಿನ ಬ್ಲೇಡು ಹೆಚ್ಚೆಂದರೆ ಸುಮಾರು 2 ಮಿಲಿಮೀಟರ್ ಕೂದಲನ್ನು ಉಳಿಸುತ್ತದೆ. ಇದಕ್ಕಿಂತ ಉದ್ದ ಬೇಕಾದಾಗ ಬ್ಲೇಡಿನ ಮೇಲೆ ಪ್ಲಾಸ್ಟಿಕ್ ಬಾಚಣಿಗೆಯನ್ನು ಸಿಕ್ಕಿಸಬೇಕು. ಮನೆಯಲ್ಲಿ ಸಾಕುವ ಶಿಟ್ಜು, ಪೂಡಲ್‌ಗಳಿಗೆ ಬಹುತೇಕ ಎಲ್ಲರೂ ಇದಕ್ಕಿಂತ ಉದ್ದವನ್ನೇ ಕೇಳುತ್ತಾರೆ. ಮೊದಲು ಹೇಳಿದ ಶಿಟ್ಜುವಿನ ಹೆಗಲಿನಿಂದ ಬಾಲದ ಕಡೆಗೆ ಯಂತ್ರವನ್ನು ನಡೆಸುತ್ತಿದ್ದಾಗ ಬಾಚಣಿಗೆಯ ಹಲ್ಲು ಎಲ್ಲೋ ಒಂದು ಸಣ್ಣ ಸಿಕ್ಕಿಗೆ ತಗುಲಿತು. ಬಾಚಣಿಗೆ ಟಕ್ಕೆಂದು ಕಳಚಿ ನೆಲಕ್ಕೆ ಬಿತ್ತು. ಕೈ ಮಾತ್ರ ಅಭ್ಯಾಸಬಲದಿಂದ ಮುಂದಕ್ಕೆ ಸರಿಯಿತು. ನಾನು ನಿಲ್ಲಿಸುವಷ್ಟರಲ್ಲಿ ಬೆನ್ನಿನ ನಡುವೆ ಗೇಣುದ್ದದ ಬೋಳು ದಾರಿಯೊಂದು ಮೂಡಿತ್ತು. ಬಿಟ್ಟ ಕೂದಲನ್ನು ಕಿರಿದುಗೊಳಿಸಬಹುದು, ಕತ್ತರಿಸಿದ್ದನ್ನು ಅಂಟಿಸಲಾಗದು. ಹೀಗಾಗಿ ಇಡೀ ಮೈಯನ್ನು ಆ ಗೆರೆಯ ಮಟ್ಟಕ್ಕೇ ಇಳಿಸಬೇಕಾಯಿತು. ನಾಯಿಯನ್ನು ಕರೆದೊಯ್ಯಲು ಬಂದವರು ಬಯ್ಯಲಿಲ್ಲ, ಆದರೆ ಅದು ತಮ್ಮದೇ ನಾಯಿಯೇ ಎಂಬಂತೆ ಒಂದು ನಿಮಿಷ ನೋಡುತ್ತ ನಿಂತರು.

ಇದರಲ್ಲಿ ನನ್ನ ತಪ್ಪೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಬಾಚಣಿಗೆ ಹಾಕಿ ಕತ್ತರಿಸುವ ಮುನ್ನ ನಾಯಿಗೆ ಸ್ನಾನ ಮಾಡಿಸಿ, ಡ್ರೈಯರಿನ ಗಾಳಿಯಲ್ಲಿ ಕೂದಲು ನೆಟ್ಟಗಾಗುವವರೆಗೆ ಒಣಗಿಸಿ, ಸಾಲು ಸಾಲಾಗಿ ಬೈತಲೆ ತೆಗೆದು ಸ್ಲಿಕರ್ ಬ್ರಷ್ (ತೆಳು ತಂತಿಯ ಹಲ್ಲುಗಳ ಬ್ರಷ್) ಆಡಿಸಿ, ಕೊನೆಗೆ ಉಕ್ಕಿನ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಸಾಗುವುದೇ ಎಂದು ಪರೀಕ್ಷಿಸಬೇಕು. ನಾನು ಮೇಲ್ಪದರವನ್ನಷ್ಟೇ ಬಾಚಿದ್ದೆ. ಆದರೆ ಮುಂದಿನ ವಾರ ಇವೆಲ್ಲವನ್ನೂ ಚಾಚೂ ತಪ್ಪದೆ ಮಾಡಿ ಪೂಡಲ್ ಒಂದರ ತೊಡೆಯ ತಿರುವಿಗೆ ಬಂದಾಗಲೂ ಅದೇ ಬಾಚಣಿಗೆ ಮತ್ತೆ ಸಡಿಲಗೊಂಡಿತು. ಅಂದಿನಿಂದ ಕೆಲಸದ ನಡುವೆ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿಯುವ ಚಟ ಅಂಟಿಕೊಂಡಿತು; ಕೈ ಹೀಗೆ ಬಿಗಿಯಾಗಿದ್ದಾಗ ಗೆರೆಗಳು ನಯವಾಗಿ ಬರುವುದಿಲ್ಲ.

ಎ5 ಬಗೆಯಲ್ಲಿ ಅಳತೆ ಬ್ಲೇಡಿನಲ್ಲಿಯೇ ಇರುವುದರಿಂದ ಕಳಚಿ ಬೀಳಲು ಮೇಲೆ ಏನೂ ಇರುವುದಿಲ್ಲ. ಸಂಖ್ಯೆ ಕಿರಿದಾದಷ್ಟೂ ಕೂದಲು ಹೆಚ್ಚು ಉಳಿಯುತ್ತದೆ: 10ನೇ ಸಂಖ್ಯೆ ಸುಮಾರು 1.5 ಮಿಲಿಮೀಟರ್ ಉಳಿಸಿದರೆ, 7ಎಫ್ (ಎಫ್ ಎಂದರೆ ನಯವಾಗಿ ಕತ್ತರಿಸುವ ಬಗೆ) ಸುಮಾರು 3 ಮಿಲಿಮೀಟರನ್ನೂ 4ಎಫ್ ಸುಮಾರು 9.5 ಮಿಲಿಮೀಟರನ್ನೂ ಉಳಿಸುತ್ತದೆ. ಆಂಡಿಸ್, ಆಸ್ಟರ್‌ಗಳಂತಹ ಹಲವು ಕಂಪನಿಗಳ ಈ ಬಗೆಯ ಬ್ಲೇಡುಗಳು ಒಂದರದು ಇನ್ನೊಂದರ ಯಂತ್ರಕ್ಕೆ ಕೂರುತ್ತವೆ. ಇನ್ನೂ ಉದ್ದ ಬೇಕೆಂದಾಗ ಇಲ್ಲಿಯೂ ಬಾಚಣಿಗೆ ತಪ್ಪಿದ್ದಲ್ಲ. 30ನೇ ಬ್ಲೇಡಿನ ಮೇಲೆ ಸ್ಪ್ರಿಂಗ್ ಇರುವ ಉಕ್ಕಿನ ಬಾಚಣಿಗೆಯನ್ನು ಕೂರಿಸುತ್ತೇನೆ. ಅದು ಇಲ್ಲಿಯವರೆಗೆ ಒಮ್ಮೆಯೂ ಬಿದ್ದಿಲ್ಲ.

ಎ5 ಯಂತ್ರಕ್ಕೂ ತನ್ನದೇ ಕಾಟಗಳಿವೆ. ಬ್ಲೇಡು ಬೇಗ ಕಾಯುತ್ತದೆ. ಆಗಾಗ ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡದಿದ್ದರೆ ಹೊಟ್ಟೆಯ ತೆಳು ಚರ್ಮ ಸುಟ್ಟೀತು. 4ಎಫ್‌ನಂತಹ ಉದ್ದ ಕೂದಲಿನ ಬ್ಲೇಡುಗಳ ಹಲ್ಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ಕಂಕುಳು, ಕಿವಿಯ ಅಂಚು, ಹಿಂಗಾಲಿನ ಮುಂದಿನ ಚರ್ಮದ ಮಡಿಕೆಗಳು ಅದರೊಳಗೆ ಸಿಲುಕುವ ಭಯವಿದೆ. ಆ ಜಾಗಗಳಿಗೆ ನಾನು 10ನೇ ಬ್ಲೇಡನ್ನಷ್ಟೇ ಒಯ್ಯುತ್ತೇನೆ. ಭಾರವಂತೂ ಮೂರನೆಯ ನಾಯಿಯ ಹೊತ್ತಿಗೆ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಸದ್ದು ಎ5ದೇ ಹೆಚ್ಚು. ಚಾರ್ಜ್ ಮುಗಿಯುವ ಚಿಂತೆ ನನ್ನ ತಂತಿಯ ಯಂತ್ರಕ್ಕಿಲ್ಲ. ಗೋಲ್ಡನ್ ರಿಟ್ರೀವರ್, ಹಸ್ಕಿಗಳಂತಹ ಎರಡು ಪದರದ ಕೂದಲಿನ ನಾಯಿಗಳ ಮೈಯನ್ನು ನಾನು ಎರಡರಲ್ಲಿ ಯಾವುದರಿಂದಲೂ ಬೋಳಿಸುವುದಿಲ್ಲವಾದ್ದರಿಂದ ಅಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ.

ತಿಂಗಳಿಗೊಮ್ಮೆ ತಮ್ಮ ಒಂದೇ ನಾಯಿಯ ಪಾದಗಳನ್ನು ಚೊಕ್ಕ ಮಾಡುವವರಿಗೆ ಲಿವರಿನ ಯಂತ್ರ ಧಾರಾಳವಾಗಿ ಸಾಕು. ಮೈಯ ಕೂದಲಿಗೆ ರೂಪ ಕೊಡುವ ಕೆಲಸ ಕಲಿಯುತ್ತಿರುವವರು ಕೈಯಲ್ಲಿ ಹಣ ಕಡಿಮೆಯಿದ್ದರೂ ಎ5 ಯಂತ್ರವನ್ನೇ ಕೊಂಡು, 10 ಮತ್ತು 4ಎಫ್ ಬ್ಲೇಡುಗಳಿಂದ ಆರಂಭಿಸಿ, ಉಳಿದವನ್ನು ಗಳಿಕೆಯಾದಂತೆ ಸೇರಿಸಿಕೊಳ್ಳುವುದು ಲೇಸು. ನಾನು ಹಾಗೆಯೇ ಸೇರಿಸಿಕೊಂಡೆ. ಹಳೆಯ ಯಂತ್ರವನ್ನು ಎಸೆದಿಲ್ಲ. ಪಾದದ ಮೆತ್ತೆಗಳ ನಡುವಿನ ಕೂದಲು ತೆಗೆಯಲು ಈಗಲೂ ಅದನ್ನೇ ಹಿಡಿಯುತ್ತೇನೆ, ಬಾಚಣಿಗೆಯಿಲ್ಲದೆ.