ಪೋಖರಾದಲ್ಲಿ ಹಾರುವ ಮೊದಲು ರೇಟು ಐಸಿಯೋ (ನಮ್ಮ ರೂಪಾಯಿ) ಎನ್‌ಸಿಯೋ (ನೇಪಾಳದ ರೂಪಾಯಿ) ಬರೆಸಿಕೊಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯಿಂದ ನೇಪಾಳದ ಮುಕ್ತಿನಾಥ ಯಾತ್ರೆಗೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜೊತೆಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದರಂತೂ ಓದಲೇಬೇಕು. ನಾವು ಬಂದು ಎರಡು ವಾರವಾಯಿತು, ನನಗೆ ಇನ್ನೂ ಸಂಕಟ ಇಳಿದಿಲ್ಲ.

ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸು. ಎಲ್ಲರೂ ಹೋಗುವ ದಾರಿಯೇ. ಮುಕ್ತಿನಾಥದಿಂದ ಇಳಿದು ಬಂದು ಪೋಖರಾದಲ್ಲಿ ಒಂದು ದಿನ ಬಿಡುವಿತ್ತು. ಮಗಳಿಗೆ ಹತ್ತೊಂಬತ್ತು ವರ್ಷ, ಮನೆ ಬಿಡುವ ಮೊದಲೇ "ಅಲ್ಲಿ ಪ್ಯಾರಾಗ್ಲೈಡಿಂಗ್ ಮಾಡೇ ಮಾಡ್ತೆ" ಎಂದು ಹಟ ಹಿಡಿದಿದ್ದಳು. ಒಬ್ಬಳನ್ನೇ ಕಳಿಸಲು ಧೈರ್ಯ ಬರಲಿಲ್ಲ, ನಾನೂ ಹೊರಟೆ. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಇಬ್ಬರೂ ಮಾಡಿದವರೇ. ಅಲ್ಲಿ ರೇಟು ಹೇಳಿದರು, ಫಾರಂ ತುಂಬಿಸಿದರು, ಜಾಕೆಟ್ ಹಾಕಿಸಿದರು, ಮುಗೀತು. ಇಲ್ಲೂ ಹಾಗೇ ಇರುತ್ತದೆ ಎಂದುಕೊಂಡೆ.

ಫೇವಾ ಕೆರೆಯ ಪಕ್ಕದ ಲೇಕ್‌ಸೈಡ್ ರಸ್ತೆಯಲ್ಲಿ ಇಂಥ ಅಂಗಡಿಗಳು ಸಾಲಾಗಿ ಇವೆ. ನಾವು ಹೋದ ಅಂಗಡಿಯ ಹುಡುಗ ಬಲು ವಿನಯ. "ಒಬ್ಬರಿಗೆ 8,500 ರೂಪಾಯಿ ದೀದಿ, ಜೀಪು, ಫೋಟೋ, ವಿಡಿಯೋ ಎಲ್ಲ ಸೇರಿ, ಅರ್ಧ ಗಂಟೆ ಗಾಳಿಯಲ್ಲಿ." ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ 8500 ಎಂದು ಬರೆದು ಎರಡು ಗೆರೆ ಎಳೆದು ಕೊಟ್ಟ. ಮುಂಗಡ 3,000 ನಮ್ಮ ದುಡ್ಡಿನಲ್ಲೇ ಕೊಟ್ಟೆ. "ಪರ್ಮಿಟ್ ಬರೆಯಬೇಕು, ಕಾರ್ಡ್ ಕೊಡಿ" ಎಂದು ಇಬ್ಬರ ವೋಟರ್ ಕಾರ್ಡನ್ನೂ ಇಟ್ಟುಕೊಂಡ. ಕೊಟ್ಟೆ! ಪರದೇಶದಲ್ಲಿ ಗುರುತಿನ ಕಾರ್ಡು ಕೈಬಿಡಬಾರದು ಎಂದು ಬಸ್ಸಿನಲ್ಲಿ ಅಷ್ಟು ಹೇಳಿದ್ದರು. ನಾವು ಪಾಸ್‌ಪೋರ್ಟ್ ಒಯ್ದಿರಲಿಲ್ಲ. ಆಧಾರ್ ಅಲ್ಲಿ ನಡೆಯುವುದಿಲ್ಲ. ಇದ್ದದ್ದು ಅದೊಂದೇ ಕಾರ್ಡು.

ನೇಪಾಳದಲ್ಲಿ ಎರಡು ರೂಪಾಯಿ ಓಡುತ್ತವೆ. ನಮ್ಮದು ಐಸಿ, ಅವರದು ಎನ್‌ಸಿ. ನಮ್ಮ ನೂರಕ್ಕೆ ಅವರ ನೂರಾ ಅರವತ್ತು, 1993ರಿಂದ ಇದೇ ಲೆಕ್ಕ. ಚಹಾದಂಗಡಿಯಲ್ಲೂ ಐಸಿಯೋ ಎನ್‌ಸಿಯೋ ಎಂದು ಕೇಳಿಯೇ ಚಿಲ್ಲರೆ ಕೊಡುತ್ತಾರೆ. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕ್ವಿಂಟಲಿನ ದರದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಹಿಡಿಯುತ್ತೇನೆ. ಅವತ್ತು ಮಾತ್ರ ಆ ಒಂದು ಪ್ರಶ್ನೆ ಬಾಯಿಗೆ ಬರಲಿಲ್ಲ. ನೇಪಾಳದ ಅಂಗಡಿ, ನೇಪಾಳದ ರೂಪಾಯಿ ಎಂದೇ ತಿಳಿದೆ. ಅದಕ್ಕೇ ನಾಚಿಕೆ.

ಹಾರಿದ್ದರ ಬಗ್ಗೆ ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಸಾರಂಗಕೋಟ್ ಗುಡ್ಡದ ಮೇಲೆ, ಸುಮಾರು 1,600 ಮೀಟರ್ ಎತ್ತರದಲ್ಲಿ, ಎದುರಿಗೆ ಮಚ್ಛಪುಚ್ಛ್ರೆ ಶಿಖರ ಬೆಳ್ಳಗೆ ನಿಂತಿತ್ತು. ಪೈಲಟ್ ತೊಡೆಯ ಪಟ್ಟಿ, ಎದೆಯ ಪಟ್ಟಿ ಎರಡೆರಡು ಸಲ ಎಳೆದು ನೋಡಿದ. ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಕಾಲ ಕೆಳಗೆ ನೆಲ ಇರಲಿಲ್ಲ. ಆದರೆ ಅರ್ಧ ಗಂಟೆ ಎಂದದ್ದು ಹನ್ನೊಂದೇ ನಿಮಿಷಕ್ಕೆ ಕೆರೆದಂಡೆಯಲ್ಲಿ ಇಳಿಸಿಯಾಗಿತ್ತು. ಪೈಲಟ್ ಪಾಪ, ನಿಜ ಹೇಳಿದ. ಬಿಸಿಲೇರಿ ಗುಡ್ಡ ಕಾದ ಮೇಲೆ ಬಿಸಿಗಾಳಿ ಏಳುತ್ತದೆ, ಅದೇ ಮೇಲೆತ್ತಿ ಹಿಡಿಯುತ್ತದೆ, ಎಂಟು ಗಂಟೆಗೆ ಬಂದರೆ ಸೀದಾ ಇಳಿಯುವುದೇ ಅಂತ. ಹನ್ನೊಂದು ಗಂಟೆಗೆ ಬರುತ್ತೇವೆ ಎಂದ ನಮಗೆ "ಬೆಳಿಗ್ಗೆ ಬೇಗ ಬನ್ನಿ, ಆಗಲೇ ಚೆನ್ನ" ಎಂದು ಮೊದಲ ಜೀಪಿಗೆ ಹತ್ತಿಸಿದ್ದು ಆ ಅಂಗಡಿಯವನೇ.

ವಾಪಸ್ ಬಂದು ಬಾಕಿ ದುಡ್ಡು ಎಣಿಸಿದೆ. ಇಬ್ಬರಿಗೆ 17,000 ಎನ್‌ಸಿ, ಅಂದರೆ ನಮ್ಮ 10,625. ಮುಂಗಡ ಕಳೆದು 7,625. ನೂರರ ನೋಟು ಎಪ್ಪತ್ತೇಳು ಮೇಜಿನ ಮೇಲೆ ಇಟ್ಟೆ. ಹುಡುಗ ಎಣಿಸಿ, ರಬ್ಬರ್ ಹಾಕಿ, ಡ್ರಾವರಿಗೆ ಸೇರಿಸಿ, ಆಮೇಲೆ ತಲೆ ಎತ್ತಿ ಹೇಳಿದ: "ಇನ್ನು 6,300, ದೀದಿ."

ನಾನು ಅವನ ಲೆಕ್ಕ ತಪ್ಪಿದೆ ಎಂದುಕೊಂಡು ತಿಳಿಸಿ ಹೇಳಲು ಹೋದೆ. ಅವನು ದಪ್ಪ ವಹಿ ತಿರುಗಿಸಿ ತೋರಿಸಿದ. ನಮ್ಮ ಹೆಸರಿನ ಮುಂದೆ ಪೆನ್ಸಿಲಿನಲ್ಲಿ 8500. ಅದರ ಪಕ್ಕ ನೀಲಿ ಪೆನ್ನಿನಲ್ಲಿ ಐಸಿ. ಮೇಲಿನ ಸಾಲಿನಲ್ಲೂ ಇಲ್ಲ, ಕೆಳಗಿನ ಸಾಲಿನಲ್ಲೂ ಇಲ್ಲ, ನಮ್ಮ ಸಾಲಿಗೆ ಮಾತ್ರ ನೀಲಿ ಅಕ್ಷರ! ನನ್ನ ಚೀಟಿಯಲ್ಲಿ ಐಸಿ ಎಂದು ಎಲ್ಲಿದೆ ಎಂದು ಕೇಳಿದೆ. "ಎನ್‌ಸಿ ಎಂದು ಎಲ್ಲಿದೆ?" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲ. ಮುಂಗಡ ಐಸಿಯಲ್ಲಿ ಕೊಟ್ಟಿರಿ, ನಾನೂ ಐಸಿ ಎಂದೇ ತಿಳಿದೆ."

ನೀವು ಕೇಳಲಿಲ್ಲ. ಇದನ್ನೇ ನಾಲ್ಕು ಸಲ ಹೇಳಿದ. ದನಿ ಏರಿಸಲಿಲ್ಲ, ನಗುತ್ತಲೇ ಹೇಳಿದ. ವೋಟರ್ ಕಾರ್ಡ್ ಕೊಡು ಎಂದೆ. "ಹಿಸಾಬ್ ಆದ ಕೂಡಲೇ." ಅಷ್ಟರಲ್ಲಿ ಇನ್ನೊಬ್ಬ ಬಂದು ಕ್ಯಾಮೆರಾದ ಮೆಮರಿ ಕಾರ್ಡನ್ನು ಉಗುರಿನಿಂದ ಎಬ್ಬಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ವಿಡಿಯೋಕ್ಕೆ ತಲಾ 1,500 ಬೇರೆಯಂತೆ, ಎಲ್ಲ ಸೇರಿ ಎಂದದ್ದು ಬರೀ ಫೋಟೋಕ್ಕಂತೆ. ಮಗಳ ಕಣ್ಣಲ್ಲಿ ನೀರು. "ಅಮ್ಮಾ, ವಿಡಿಯೋ ಬ್ಯಾಡ" ಎಂದಳು.

ಅಣ್ಣ ಬಂದು, "ಇರ್ಲಿ ಬಿಡೆ ತಂಗಿ, ಕೊಟ್ಟಿಕ್ಕಿ ಹೋಪನ, ಬಸ್ಸು ಹೊರಡ್ತು" ಎಂದ. 6,300 ಕೊಟ್ಟೆ. ಕಾರ್ಡು ಇಲ್ಲದೆ ಗಡಿಯಲ್ಲಿ ಏನಾದೀತೋ ಎಂಬ ಹೆದರಿಕೆಗೆ ಕೊಟ್ಟೆ, ಅವನ ಮಾತು ಸರಿ ಎಂದಲ್ಲ. ನಮ್ಮದೇ ಬಸ್ಸಿನ ಸಿದ್ದಾಪುರದ ಹುಡುಗರು ಅದೇ ದಿನ ಬೇರೆ ಅಂಗಡಿಯಿಂದ ವಿಡಿಯೋ ಸೇರಿ 7,500 ಎನ್‌ಸಿಗೆ ಹಾರಿ ಬಂದಿದ್ದರು, ನಮ್ಮ 4,700ರಷ್ಟು. ಅದನ್ನು ಕೇಳಿದ ರಾತ್ರಿ ಊಟ ಸೇರಲಿಲ್ಲ.

ಊರಿಗೆ ಬಂದ ಮೇಲೆ ಫೋಟೋವನ್ನಾದರೂ ಕಳಿಸಿ ಎಂದು ವಾಟ್ಸಾಪ್ ಮಾಡಿದೆ. "ಮತ್ತೆ ಬನ್ನಿ ದೀದಿ, ಡಿಸ್ಕೌಂಟ್ ಕೊಡುತ್ತೇವೆ" ಎಂಬ ಉತ್ತರ ಬಂತು. ಮತ್ತೆ ಕೇಳಿದ್ದಕ್ಕೆ ನಂಬರ್ ಬ್ಲಾಕ್.

ಹೋಗುವವರು ರೇಟಿನ ಪಕ್ಕ ಐಸಿ ಅಥವಾ ಎನ್‌ಸಿ ಎಂದು ಪೆನ್ನಿನಲ್ಲೇ ಬರೆಸಿಕೊಳ್ಳಿ, ವಿಡಿಯೋ ಸೇರಿದೆಯೇ ಎಂಬುದನ್ನೂ ಬರೆಸಿ, ಚೀಟಿಯ ಫೋಟೋ ಅವರೆದುರೇ ತೆಗೆಯಿರಿ. ಕಾರ್ಡಿನ ಜೆರಾಕ್ಸ್ ಕೊಡಿ, ಅಸಲು ಸತ್ತರೂ ಕೊಡಬೇಡಿ. ಬಿಸಿಲೇರುವ ಮೊದಲು ಹಾರಿಸುತ್ತೇವೆ ಎಂದರೆ ಒಪ್ಪಬೇಡಿ. ಅಲ್ಲಿ ಟೂರಿಸ್ಟ್ ಪೊಲೀಸ್ ಇದ್ದಾರೆ, ನಂಬರ್ 1144. ನನಗೆ ಅದು ಗೊತ್ತಾದದ್ದು ಬಸ್ಸು ಹತ್ತಿದ ಮೇಲೆ. ಮುಂದಿನ ತಿಂಗಳು ನಮ್ಮ ಕಡೆಯಿಂದ ಇನ್ನೊಂದು ಬಸ್ಸು ಹೊರಟಿದೆ, ಅದರಲ್ಲಿ ನಿಮ್ಮವರು ಯಾರಿದ್ದರೂ ಇವತ್ತೇ ಇದನ್ನು ಕಳಿಸಿ. ಅಂಗಡಿ ಯಾವ ಓಣಿಯಲ್ಲಿ ಎಂದು ಬೇಕಾದವರು ನನ್ನನ್ನು ಕೇಳಿ, ಫೋನಿನಲ್ಲಿ ಹೇಳುತ್ತೇನೆ.