ಬಿಗ್‌ಹಾರ್ನ್ ಕುರಿ ನೋಡಲು: ಪಾರ್ಕಿನ ಹುಲ್ಲಿಗೋ, ಕೆಂಪು ಬಂಡೆಗೋ, ಕಣಿವೆಗೋ?

ಮನೆಯವರೆಲ್ಲ ಜೊತೆಗಿದ್ದಾರೆ, ನಡೆಯಲಾಗದು, ಆದರೂ ದೊಡ್ಡ ಸುರುಳಿಕೊಂಬಿನ ಈ ಅಮೆರಿಕದ ಕಾಡುಕುರಿ ಕಾಣಲೇಬೇಕು ಅಂದರೆ ನೆವಾಡಾ ರಾಜ್ಯದ ಬೌಲ್ಡರ್ ಸಿಟಿಯ ಹೆಮೆನ್‌ವೇ ಪಾರ್ಕ್. ಬೇಸಿಗೆಯಲ್ಲಿ ಗುಡ್ಡದಿಂದ ಹಿಂಡು ಇಳಿದು ಹುಲ್ಲುಹಾಸಿನಲ್ಲಿ ಮೇಯುತ್ತದೆ. ಟಿಕೆಟ್ ಇಲ್ಲ, 200 ಎಂಎಂ ಲೆನ್ಸ್ ಸಾಕು. ಆದರೆ ಫ್ರೇಮಿನೊಳಗೆ ಬೆಂಚು, ಕಾರು ನುಗ್ಗುತ್ತವೆ. ನೆಲಕ್ಕೆ ಕೂತು ಕಣ್ಣಿಗೆ ಫೋಕಸ್ ಇಡಿ. ಕೊಂಬಿನ ಉಂಗುರಗೆರೆಗಳೂ ಎದ್ದು ಕಾಣುತ್ತವೆ. ಮೇಯುವುದು ಬಿಟ್ಟು ನಿಮ್ಮನ್ನೇ ದಿಟ್ಟಿಸಿದರೆ ಹಿಂದೆ ಸರಿಯಿರಿ.

ಚಿತ್ರಕ್ಕೆ ಮರುಭೂಮಿಯ ಕಳೆ ಬೇಕೆಂದರೆ ಅದೇ ರಾಜ್ಯದ ವ್ಯಾಲಿ ಆಫ್ ಫೈರ್ ಪಾರ್ಕ್. ಲಾಸ್ ವೇಗಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ, ಪ್ರವೇಶ ಶುಲ್ಕವಿದೆ. ಕೆಂಪು ಮರಳುಗಲ್ಲಿನ ಮೇಲೆ ನಿಂತ ಟಗರಿಗೆ ಸಾಟಿಯಿಲ್ಲ, ಸಿಕ್ಕರೆ! ಮೈಬಣ್ಣ ಬಂಡೆಯಲ್ಲಿ ಕರಗುತ್ತದೆ. ಬಿಳಿ ಹಿಂಭಾಗ ಹುಡುಕಿ, ಕಲ್ಲುರುಳುವ ಸದ್ದಿಗೆ ಕಿವಿಗೊಡಿ. 400 ಎಂಎಂ ಇರಲಿ. ಟಗರುಗಳ ಗುದ್ದಾಟ ಬೇಸಿಗೆಯ ಕೊನೆಗೆ, ಸುಡುಬಿಸಿಲಿನಲ್ಲೇ.

ಕ್ಯಾಲಿಫೋರ್ನಿಯಾದ ಆನ್ಜಾ-ಬೊರೇಗೊ ಮರುಭೂಮಿ ಪಾರ್ಕಿನ ಬೊರೇಗೊ ಪಾಮ್ ಕ್ಯಾನ್ಯನ್ ಕಣಿವೆ ಸ್ಯಾನ್ ಡಿಯೇಗೊ ಕಡೆಯವರಿಗೆ ಹತ್ತಿರ. ಹೋಗಿಬರಲು ಸುಮಾರು 5 ಕಿ.ಮೀ. ಕಲ್ಲುದಾರಿ; ಬೈನಾಕ್ಯುಲರ್, ತಾಳ್ಮೆ ಎರಡೂ ಬೇಕು. ಇಲ್ಲಿಯ ಪೆನಿನ್ಸುಲರ್ ಬಿಗ್‌ಹಾರ್ನ್ ಎಂಬ ಬಗೆ 1998ರಿಂದ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಫೋಟೋಗಿಂತ ಅವುಗಳ ನಿಜವಾದ ಬದುಕು ನೋಡುವಾಸೆ ಇದ್ದವರು ಇಲ್ಲಿಗೇ ಹೋಗಲಿ, ಬೆಳಗಿನ ತಂಪಿನಲ್ಲಿ.