ಆಟದ ಅವಧಿಯಲ್ಲಿ ಮೊಬೈಲ್ ಆ್ಯಪ್‌ಗಳು: ಒಂದು ಶೈಕ್ಷಣಿಕ ವರ್ಷ ಬಳಸಿದ ಮೇಲಿನ ವಿಮರ್ಶೆ

ಹಾಸನ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಕಳೆದ ಶೈಕ್ಷಣಿಕ ವರ್ಷ 8 ಮತ್ತು 9ನೇ ತರಗತಿಯ ಮಕ್ಕಳೊಂದಿಗೆ ಮೂರು ಬಗೆಯ ಆ್ಯಪ್‌ಗಳನ್ನು ಬಳಸಿ ನೋಡಿದೆ: ಹೆಜ್ಜೆ ಎಣಿಸುವ ಒಂದು ಉಚಿತ ಆ್ಯಪ್, ಬೀಪ್ ಸದ್ದಿಗೆ ಓಡಿಸುವ ಒಂದು ಆ್ಯಪ್, ಮತ್ತು ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆ್ಯಪ್. ಫೋನಿನಲ್ಲಿಯೇ ಇರುವ ನಿಧಾನಗತಿಯ ವಿಡಿಯೊ ಸೌಲಭ್ಯವನ್ನೂ ಬಳಸಿದೆ. ಶಿಕ್ಷಕರ ಕೈಯಲ್ಲಿರುವ ಒಂದೇ ಒಂದು ಫೋನು ನಲವತ್ತು ಮಕ್ಕಳನ್ನು ಓಡಿಸಬಲ್ಲದು ಎಂಬುದು ನನಗೆ ಮನವರಿಕೆಯಾಗಿದೆ. ಮಕ್ಕಳ ಮನೆಯ ಫೋನುಗಳನ್ನು ನೆಚ್ಚಿ ಮಾಡಿದ ಪ್ರಯೋಗ ಮಾತ್ರ ಕೈಕೊಟ್ಟಿತು. ಇದೇ ಕೆಲಸಕ್ಕೆ ಕೈಹಾಕಲಿರುವ ಸಹೋದ್ಯೋಗಿಗಳಿಗೆ ಉಪಯೋಗವಾಗಲೆಂದು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಷ್ಟು ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಜಗತ್ತಿನಲ್ಲಿ ಶಾಲೆಗೆ ಹೋಗುವ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಅಷ್ಟು ಚಟುವಟಿಕೆ ಮಾಡುವುದಿಲ್ಲವೆಂದು ಅದೇ ಸಂಸ್ಥೆಯ ಅಧ್ಯಯನ 2019ರಲ್ಲಿ ಪ್ರಕಟಿಸಿತ್ತು. ನಮ್ಮಲ್ಲಿ ಆಟದ ಅವಧಿಯೆಂದರೆ ನಲವತ್ತು ನಿಮಿಷ. ಮಕ್ಕಳು ಕೊಠಡಿಯಿಂದ ಬಂದು ಸಾಲು ನಿಂತು, ಮೈ ಸಡಿಲ ಮಾಡಿಕೊಳ್ಳುವ ಹೊತ್ತಿಗೆ ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ಕಳೆದಿರುತ್ತದೆ. ಆಮೇಲೆ ವಾಲಿಬಾಲ್ ಕೊಟ್ಟರೆ ಹನ್ನೆರಡು ಮಂದಿ ಆಡುತ್ತಾರೆ, ಉಳಿದ ಮೂವತ್ತು ಮಂದಿ ಹೊಂಗೆ ಮರದ ಕೆಳಗೆ ಕುಳಿತು ತಮ್ಮ ಸರದಿ ಕಾಯುತ್ತಾರೆ. ಆ ಮೂವತ್ತು ಮಂದಿಯನ್ನು ಎಬ್ಬಿಸಿ ಓಡಿಸಲು ಫೋನಿನಿಂದ ಏನಾದರೂ ಸಹಾಯ ಸಿಗುವುದೇ ಎಂಬುದೊಂದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ಕೈಹಾಕಿದ್ದು ಹೆಜ್ಜೆ ಎಣಿಕೆಗೆ. ಶಾಲೆಗೆ ಮಕ್ಕಳು ಮೊಬೈಲ್ ತರುವಂತಿಲ್ಲವಾದ್ದರಿಂದ, ಮನೆಯಲ್ಲಿ ಅಪ್ಪ ಅಥವಾ ಅಮ್ಮನ ಫೋನಿನಲ್ಲಿ ಆ್ಯಪ್ ಹಾಕಿಸಿಕೊಂಡು, ಪ್ರತಿ ದಿನದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದೆ. ಮೊದಲ ವಾರ ಉತ್ಸಾಹ ಉಕ್ಕಿ ಹರಿಯಿತು. ಎರಡನೇ ವಾರದಲ್ಲಿ ಒಬ್ಬ ಹುಡುಗ ದಿನಕ್ಕೆ ಇಪ್ಪತ್ತೆರಡು ಸಾವಿರ ಹೆಜ್ಜೆ ಬರೆದುಕೊಂಡು ಬಂದ. ಕೇಳಿದಾಗ, ಟಿವಿ ಮುಂದೆ ಕುಳಿತು ಫೋನನ್ನು ಕೈಯಲ್ಲಿ ಅಲ್ಲಾಡಿಸುತ್ತಿದ್ದುದಾಗಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಫೋನಿನೊಳಗಿನ ಸಂವೇದಕ ಗುರುತಿಸುವುದು ಲಯಬದ್ಧವಾದ ಕುಲುಕಾಟವನ್ನು. ಆ ಕುಲುಕಾಟ ಕಾಲಿನದೋ ಕೈಯದೋ ಎಂದು ಖಚಿತವಾಗಿ ತಿಳಿಯುವ ಶಕ್ತಿ ಅದಕ್ಕಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆಚ್ಚು ಅಂಕಿ ತಂದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ ಅಲ್ಲವೇ?

ಅದಕ್ಕಿಂತ ನನ್ನನ್ನು ಕಾಡಿದ್ದು ಒಬ್ಬ ಹುಡುಗಿಯ ನೋಟ್‌ಬುಕ್. ಅದರಲ್ಲಿ ಪ್ರತಿ ದಿನವೂ ಆರುನೂರು, ಒಂಬೈನೂರು, ಏಳುನೂರು ಎಂದಷ್ಟೇ ಇತ್ತು. ಅವಳು ತೋಟದ ಮನೆಯಿಂದ ಶಾಲೆಗೆ ಎರಡೂವರೆ ಕಿಲೋಮೀಟರ್ ನಡೆದು ಬರುವವಳು, ಸಂಜೆ ದನಕ್ಕೆ ಹುಲ್ಲು ತರುವವಳು. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಪೇಟೆಗೆ ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರುತ್ತಿತ್ತು. ಅಪ್ಪ ನಡೆದದ್ದನ್ನು ಕಳೆದು, ಫೋನು ತನ್ನ ಕೈಗೆ ಬಂದ ಮೇಲಿನ ಹೆಜ್ಜೆಗಳನ್ನು ಮಾತ್ರ ಅವಳು ಪ್ರಾಮಾಣಿಕವಾಗಿ ಬರೆದಿದ್ದಳು. ತರಗತಿಯಲ್ಲೇ ಅತಿ ಹೆಚ್ಚು ನಡೆಯುವ ಮಗು ಪಟ್ಟಿಯ ಕೊನೆಯಲ್ಲಿತ್ತು. ಆ ದಿನವೇ ಹಲಗೆಯ ಮೇಲಿನ ಪಟ್ಟಿಯನ್ನು ಅಳಿಸಿಹಾಕಿದೆ.

ಹತ್ತು ಸಾವಿರ ಹೆಜ್ಜೆಯ ಗುರಿಯ ಬಗೆಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅದು ಮೊದಲು ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಒಂದು ಹೆಜ್ಜೆಮಾಪಕದ ಮೂಲಕ; ‘ಮಾನ್ಪೊಕೆ’ ಎಂಬ ಅದರ ಹೆಸರಿಗೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಮಕ್ಕಳಿಗೆಂದು ಅಳೆದು ನಿಗದಿಪಡಿಸಿದ ಸಂಖ್ಯೆ ಅದಲ್ಲ. ಖೋಖೋದಲ್ಲಿ ಚೌಕದಲ್ಲಿ ಕುಳಿತು ತಟ್ಟನೆ ಎದ್ದು ಓಡುವುದಾಗಲಿ, ಕಬಡ್ಡಿಯಲ್ಲಿ ಉಸಿರು ಬಿಗಿಹಿಡಿದು ಮಾಡುವ ದಾಳಿಯಾಗಲಿ, ಸೂರ್ಯನಮಸ್ಕಾರದ ಹನ್ನೆರಡು ಭಂಗಿಗಳಾಗಲಿ ಹೆಜ್ಜೆಯ ಲೆಕ್ಕದಲ್ಲಿ ಸರಿಯಾಗಿ ಕಾಣಿಸಿಕೊಳ್ಳುವುದೇ ಇಲ್ಲ. ನಮ್ಮ ಮೈದಾನದ ಆಟಗಳಿಗೆ ಹೆಜ್ಜೆ ಎಣಿಕೆ ಒಪ್ಪುವ ಅಳತೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೀಪ್ ಓಟದ ಆ್ಯಪ್ ಮಾತ್ರ ನನ್ನ ಅವಧಿಯ ಸ್ವರೂಪವನ್ನೇ ಬದಲಿಸಿತು. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಯಬೇಕು. ಒಂದು ಬೀಪ್‌ಗೆ ಹೊರಟವರು ಮುಂದಿನ ಬೀಪ್ ಆಗುವಷ್ಟರಲ್ಲಿ ಎದುರು ಗೆರೆ ಮುಟ್ಟಬೇಕು. ಕೆನಡಾದ ಲುಕ್ ಲೆಜೆ ಎಂಬ ವಿಜ್ಞಾನಿ 1980ರ ದಶಕದಲ್ಲಿ ರೂಪಿಸಿದ ಈ ಪರೀಕ್ಷೆಯಲ್ಲಿ ವೇಗ ಗಂಟೆಗೆ 8.5 ಕಿಲೋಮೀಟರಿನಿಂದ ಆರಂಭವಾಗಿ ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರಿನಷ್ಟು ಏರುತ್ತದೆ. ಮೊದಲ ಹಂತದಲ್ಲಿ ಇಪ್ಪತ್ತು ಮೀಟರ್ ದಾಟಲು ಎಂಟೂವರೆ ಸೆಕೆಂಡಿನಷ್ಟು ಸಮಯವಿರುತ್ತದೆ, ಐದನೇ ಹಂತಕ್ಕೆ ಬರುವಾಗ ಏಳು ಸೆಕೆಂಡೂ ಇರುವುದಿಲ್ಲ. ವಿಷಲ್ ಊದಿ, ಗಡಿಯಾರ ನೋಡಿ ಇದನ್ನು ಕರಾರುವಾಕ್ಕಾಗಿ ಮಾಡುವುದು ಒಬ್ಬ ಶಿಕ್ಷಕನಿಂದ ಆಗದ ಕೆಲಸ. ಫೋನು ಅದನ್ನು ಅನಾಯಾಸವಾಗಿ ಮಾಡುತ್ತದೆ, ನಾನು ಮಕ್ಕಳನ್ನು ನೋಡುತ್ತ ನಿಲ್ಲಬಹುದು.

ತರಗತಿಯನ್ನು ಜೋಡಿಗಳಾಗಿ ಮಾಡಿದೆ. ಒಬ್ಬರು ಓಡುವಾಗ ಇನ್ನೊಬ್ಬರು ಗೆರೆಯ ಪಕ್ಕದಲ್ಲಿ ಕುಳಿತು, ಪ್ರತಿ ಸಲ ಗೆರೆ ಮುಟ್ಟಿದಾಗ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕಬೇಕು. ಆಮೇಲೆ ಜಾಗ ಅದಲುಬದಲು. ಆರಂಭದ ವೇಗ ತುಂಬ ಕಡಿಮೆಯಿರುವುದರಿಂದ ದಪ್ಪಗಿರುವ ಮಕ್ಕಳೂ, ನಾಚಿಕೊಂಡು ಮೂಲೆ ಸೇರುವವರೂ ಮೊದಲ ಎರಡು ನಿಮಿಷ ಎಲ್ಲರ ಜೊತೆಗೇ ಇರುತ್ತಾರೆ. ನೂರು ಮೀಟರ್ ಓಟದಲ್ಲಿ ಆಗುವಂತೆ ಮೊದಲ ಕ್ಷಣದಲ್ಲೇ ಹಿಂದೆ ಬೀಳುವುದಿಲ್ಲ. ಜುಲೈನಲ್ಲಿ 19 ಸಲ ಗೆರೆ ಮುಟ್ಟಿ ನಿಂತುಬಿಟ್ಟಿದ್ದ 8ನೇ ತರಗತಿಯ ಹುಡುಗಿಯೊಬ್ಬಳು ಡಿಸೆಂಬರಿನಲ್ಲಿ 34 ಮುಟ್ಟಿದಳು. ಕೊನೆಯ ಬೀಪ್ ಆದಾಗ ಅವಳ ಕಾಲು ಗೆರೆಗೆ ಒಂದು ಗೇಣು ಹಿಂದಿತ್ತು. ಅವಳ ಗೆಳತಿ ಪೆನ್ಸಿಲನ್ನು ಎತ್ತಿಹಿಡಿದುಕೊಂಡೇ, ಹಾಕಲೋ ಬೇಡವೋ ಎಂದು ನನ್ನತ್ತ ನೋಡಿದಳು. ಓಡಿ ಬಂದವಳೇ ಏದುಸಿರಿನಲ್ಲಿ, ‘ಬೇಡ ಕಣೇ, ಮುಟ್ಲಿಲ್ಲ, ಮುಂದಿನ ಸಲ ಮುಟ್ತೀನಿ’ ಎಂದಳು. ಹೆಜ್ಜೆಯ ಪಟ್ಟಿಯಲ್ಲಿ ಕೊನೆಯಲ್ಲಿದ್ದ ಹುಡುಗಿ ಇವಳೇ.

ಈ ಆ್ಯಪಿನ ತೊಂದರೆಗಳನ್ನೂ ಹೇಳಲೇಬೇಕು. ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ಒಮ್ಮೆ ಮಕ್ಕಳು ಓಡುತ್ತಿರುವಾಗಲೇ ಬೀಪ್ ನಿಂತು, ಹಣ ಕಟ್ಟಿ ಆಡುವ ಆಟವೊಂದರ ಜಾಹೀರಾತು ಜೋರಾಗಿ ಕೂಗತೊಡಗಿತು. ಶಾಲೆಯ ಮೈದಾನದಲ್ಲಿ ಅದು ಕೇಳಿಸಿದ್ದು ನನಗೆ ತೀರ ಮುಜುಗರದ ಸಂಗತಿ. ಅಂದಿನಿಂದ ನೆಟ್ ಪೂರ್ತಿ ಬಂದ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟೇ ಬಳಸುತ್ತಿದ್ದೇನೆ. ಕರೆ ಬಂದು ಸದ್ದು ತುಂಡಾಗುವುದೂ ಇದರಿಂದ ತಪ್ಪಿತು. ಗಾಳಿಯಿರುವ ದಿನ ಫೋನಿನ ಸದ್ದು ಎದುರು ಗೆರೆಯವರಿಗೆ ಕೇಳಿಸದು, ಆದ್ದರಿಂದ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಅಗತ್ಯ. ನಮ್ಮ ಶಾಲೆಯ ಪ್ರಾರ್ಥನೆಗೆಂದು ಕೊಂಡದ್ದೇ ಸಾಕಾಯಿತು. ಉಬ್ಬಸ ಇರುವ ಮಕ್ಕಳನ್ನು, ಜ್ವರದಿಂದ ಎದ್ದು ಬಂದವರನ್ನು ಮೊದಲೇ ಕೇಳಿ ತಿಳಿದುಕೊಂಡು ಗೀಟು ಹಾಕುವ ಕೆಲಸಕ್ಕೆ ಕೂರಿಸಬೇಕು. ಬೀಪಿಗೆ ಯಾರ ಆರೋಗ್ಯವೂ ಗೊತ್ತಿರುವುದಿಲ್ಲ.

ಫಿಟ್ ಇಂಡಿಯಾ ಆ್ಯಪ್ 2021ರ ಆಗಸ್ಟ್ 29ರಂದು, ರಾಷ್ಟ್ರೀಯ ಕ್ರೀಡಾ ದಿನದಂದು, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಉಚಿತವಾಗಿ ಬಿಡುಗಡೆಯಾಯಿತು. ಅದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವಯಸ್ಸಿಗೆ ತಕ್ಕಂತೆ ವಿಂಗಡಿಸಿದ ಪರೀಕ್ಷೆಗಳು. ಚಿಕ್ಕ ತರಗತಿಗಳಿಗೆ ಒಂಟಿ ಕಾಲಿನ ಸಮತೋಲನ ಮತ್ತು ತಟ್ಟೆ ತಟ್ಟುವ ಪರೀಕ್ಷೆ; ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಚಾಚುವುದು, ಹೊಟ್ಟೆಯ ಸ್ನಾಯುಗಳ ಪರೀಕ್ಷೆ, ಪುಷ್‌ಅಪ್ ಇತ್ಯಾದಿ. ಎಲ್ಲವನ್ನೂ ಟೇಪು, ಸ್ಟಾಪ್‌ವಾಚು, ಒಂದು ಅಳತೆಯ ಪೆಟ್ಟಿಗೆ ಇದ್ದರೆ ಮಾಡಿಮುಗಿಸಬಹುದು. ವಿಧಾನವನ್ನು ಕನ್ನಡದಲ್ಲಿ ಬರೆದು ಆಟದ ಸಾಮಾನಿನ ಕೊಠಡಿಯ ಗೋಡೆಗೆ ಅಂಟಿಸಿದ್ದೇನೆ. ಎತ್ತರ ಮತ್ತು ತೂಕದ ಅನುಪಾತವನ್ನು ಮಾತ್ರ ಎಲ್ಲರೆದುರು ಗಟ್ಟಿಯಾಗಿ ಓದಬಾರದು. ಮೊದಲ ದಿನ ನಾನು ಹಾಗೆ ಓದಿದ್ದರಿಂದ ಒಬ್ಬ ಹುಡುಗ ಮುಂದಿನ ಎರಡು ವಾರ ಹೊಟ್ಟೆನೋವೆಂದು ಆಟದ ಅವಧಿಗೇ ಬರಲಿಲ್ಲ. ಅವನ ಬಳಿ ಕ್ಷಮೆ ಕೇಳಿದೆ. ಈಗ ಅಂಕಿಗಳನ್ನು ಒಬ್ಬೊಬ್ಬರ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡುತ್ತೇನೆ.

ನಿಧಾನಗತಿಯ ವಿಡಿಯೊ ಉದ್ದಜಿಗಿತಕ್ಕೆ ಹೇಳಿ ಮಾಡಿಸಿದಂತಿದೆ. ಹಲಗೆಯ ಮೇಲೆ ಪಾದ ಎಲ್ಲಿ ಬಿತ್ತೆಂದು ಮಗುವಿಗೆ ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ತೋರಿಸುವುದು ಲೇಸು. ತೋರಿಸಿದ ಕೂಡಲೇ, ಮಗುವಿನ ಎದುರೇ ಅದನ್ನು ಅಳಿಸಿಬಿಡುತ್ತೇನೆ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಓಡುವ ಹೆಣ್ಣುಮಕ್ಕಳ ವಿಡಿಯೊ ಶಿಕ್ಷಕನ ಫೋನಿನಲ್ಲಿ ಉಳಿಯುವುದನ್ನು ಯಾವ ತಾಯಿತಂದೆಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಕೇಳುವ ಖಾಸಗಿ ಆ್ಯಪ್‌ಗಳನ್ನು ಆ ಪುಟದಲ್ಲೇ ಬಿಟ್ಟುಬಿಟ್ಟೆ.

ಹೊಸದಾಗಿ ಆರಂಭಿಸುವವರು ಮೊದಲು ಬೀಪ್ ಓಟದ ಆ್ಯಪನ್ನೇ ಹಾಕಿಕೊಳ್ಳಿ. ಹಣ ಕೊಟ್ಟರೆ ಜಾಹೀರಾತಿಲ್ಲದ ಆವೃತ್ತಿ ಸಿಗುವುದಾದರೆ ಆ ಖರ್ಚು ಸಾರ್ಥಕ. ಬಳಸುವ ಮುಂಚೆ ಇಪ್ಪತ್ತು ಮೀಟರನ್ನು ಹೆಜ್ಜೆಯಿಂದ ಅಂದಾಜು ಮಾಡದೆ ಟೇಪಿನಿಂದ ಅಳೆಯಿರಿ. ಒಂದು ಮೀಟರ್ ಹೆಚ್ಚುಕಡಿಮೆಯಾದರೂ ಜುಲೈನ ಗೀಟುಗಳನ್ನು ಡಿಸೆಂಬರಿನ ಗೀಟುಗಳೊಂದಿಗೆ ಹೋಲಿಸಲು ಬರುವುದಿಲ್ಲ. ಮಳೆಗಾಲದಲ್ಲಿ ಸುಣ್ಣದ ಗೆರೆ ನಿಲ್ಲದ ಕಾರಣ ನಾನು ಎರಡೂ ತುದಿಯಲ್ಲಿ ಇಟ್ಟಿಗೆ ಹೂತಿದ್ದೇನೆ, ತಲೆ ನೆಲಕ್ಕೆ ಸಮವಾಗಿರುವಂತೆ.